ರಜೆಯಿಲ್ಲದ ಸಿಪಾಯಿ

ಲೆಮ್ಯುಯೆಲ್ ಪ್ರೂಯಿಟ್ ಸತ್ತು ನಾಲ್ಕು ತಿಂಗಳಾದ ಮೇಲೆ, 1911ರ ಏಪ್ರಿಲ್ ಮೊದಲ ವಾರದಲ್ಲಿ, ಅವನು ವೀರನೆಂದು ತೀರ್ಮಾನವಾದ ಕಾಗದ ಮನೆಗೆ ಬಂತು. ಸೊಸೆ ಯುಲೇಲಿ ಅದನ್ನು ಅಂಚೆಯವನ ಕೈಯಿಂದ ಕಿತ್ತುಕೊಂಡು, ಹಿಟ್ಟು ಮೆತ್ತಿದ ಕೈಯಲ್ಲೇ ಒಡೆದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಸಲ ಓದಿದಳು. ಮೇ ತಿಂಗಳ ಗೋರಿ ಸಿಂಗಾರದ ಭಾನುವಾರದಂದು ಸ್ಮಾರಕ ಮಹಿಳಾ ಸಂಘದವರು ಮಾವನ ಗೋರಿಯ ಮೇಲೆ ಕಬ್ಬಿಣದ ಶಿಲುಬೆ ನೆಡುವವರಿದ್ದರು. ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಸೇನೆಯಲ್ಲಿ ಕೊನೆಯ ದಿನದವರೆಗೂ ನಿಷ್ಠೆಯಿಂದ ಇದ್ದವರಿಗೆ ಮಾತ್ರ ಸಿಗುವ ಶಿಲುಬೆ ಅದು. ಅದಕ್ಕೆ ಬೇಕಾದದ್ದು ಒಂದು ಪುಟದ ಸೇವಾ ಚರಿತ್ರೆ, ಜೊತೆಯಲ್ಲಿ ಹೋರಾಡಿದ ಒಬ್ಬನ ರುಜು, ವಿಧವೆಯ ರುಜು.

ಹೂಳಿದ ಮೇಲೆ ಮನುಷ್ಯನ ಯೋಗ್ಯತೆ ಏರುವುದು ನಮ್ಮ ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ ಹೊಸದೇನಲ್ಲ. ಲೆಮ್ ಬದುಕಿದ್ದಾಗ ಪ್ರತಿ ಆಗಸ್ಟಿನಲ್ಲಿ ಸೇನೆಯ ಬೂದು ಕೋಟು ತೊಟ್ಟು ಹಳೇ ಸಿಪಾಯಿಗಳ ಕೂಟಕ್ಕೆ ಹೋಗಿ, ಸುಟ್ಟ ಹಂದಿಮಾಂಸ ತಿಂದು, ಯುದ್ಧದ ಕಥೆ ಹೇಳಿ ಬರುತ್ತಿದ್ದ. ಕಥೆಗಳು ವರ್ಷವರ್ಷಕ್ಕೆ ಮೈತುಂಬಿಕೊಳ್ಳುತ್ತಿದ್ದವು. ಅವನ ಹೆಂಡತಿ ಆರ್ಮಿಂಡ ಆ ಕೂಟಕ್ಕೆ ಒಂದು ಸಲವೂ ಕಾಲಿಡಲಿಲ್ಲ. ಕೇಳಿದರೆ, "ಕೋಳಿಗಳನ್ನ ಯಾರು ನೋಡ್ಕೋಬೇಕು?" ಎನ್ನುತ್ತಿದ್ದಳು.

ಯುಲೇಲಿ ಗೇಣಿದಾರನ ಮಗಳು. ಮಹಿಳಾ ಸಂಘದ ಹೆಂಗಸರು ಬಿಳಿ ಕೈಗವಸು ತೊಟ್ಟು ಚರ್ಚಿನ ಮುಂದಿನ ಸಾಲಿನಲ್ಲಿ ಕೂರುವುದನ್ನು ಇಪ್ಪತ್ತು ವರ್ಷ ಹಿಂದಿನ ಸಾಲಿನಿಂದ ನೋಡಿದವಳು. ಮನೆಯ ಸಿಪಾಯಿಗೆ ಶಿಲುಬೆ ಸಿಕ್ಕರೆ ಸಂಘದ ಬಾಗಿಲು ಆ ಮನೆಯ ಹೆಂಗಸರಿಗೂ ತೆರೆಯುತ್ತಿತ್ತು. ಆಸೆ ಪಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಮೂರು ದಿನ ಕೂತು, ಪೆನ್ಸಿಲ್ ಕಚ್ಚಿ ಕಚ್ಚಿ, ಅವಳೇ ಮಾವನ ಸೇವಾ ಚರಿತ್ರೆ ಬರೆದಳು. ರಾತ್ರಿಯೂಟಕ್ಕೆ ಎಲ್ಲರೂ ಕೂತಾಗ ಓದಲು ನಿಂತಳು. ಮೇಜಿನ ಮೇಲೆ ಜೋಳದ ರೊಟ್ಟಿ, ಹಂದಿ ಕೊಬ್ಬಿನಲ್ಲಿ ಬೆಂದ ಬೀನ್ಸ್, ಮಜ್ಜಿಗೆ ಇದ್ದವು.

"'ಲೆಮ್ಯುಯೆಲ್ ಪ್ರೂಯಿಟ್ ಅವರು ಸಾವಿರದೆಂಟುನೂರ ಅರವತ್ತೆರಡರಲ್ಲಿ ತಾಯ್ನೆಲದ ಕರೆಗೆ ಓಗೊಟ್ಟು ಸೇನೆ ಸೇರಿದರು.'"

"ಓಗೊಟ್ಟನಂತೆ!" ಎಂದಳು ಆರ್ಮಿಂಡ, ಬೀನ್ಸಿಗೆ ಉಪ್ಪು ಉದುರಿಸಿಕೊಳ್ಳುತ್ತ. "ಇಬ್ಬರು ಬಂದು ಹೊಲದಿಂದ ಎಳ್ಕೊಂಡು ಹೋದ್ರು. ಅರ್ಧ ಸಾಲು ಉತ್ತಿದ್ದು ಹಾಗೇ ಬಿತ್ತು."

"ಅದನ್ನೆಲ್ಲ ಬರೆಯೋಕಾಗುತ್ತಾ ಅತ್ತೆ? ಮುಂದೆ ಕೇಳಿ. 'ಶತ್ರುವಿನ ಗುಂಡು ಎಡಗಾಲನ್ನು ಹೊಕ್ಕರೂ ಎದೆಗುಂದದೆ...'"

"ಅಮ್ಮಾ," ಎಂದಳು ಮಗಳು ವರ್ನಾ. ಹದಿನೆಂಟರ ಹುಡುಗಿ, ಕಣಿವೆಯ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. "ತಾತನ ಕಾಲಿಗೆ ಹೇಸರಗತ್ತೆ ಒದ್ದಿದ್ದಲ್ವಾ?"

"ಅದಕ್ಕೆ ಮುಂಚೆ ಗುಂಡೂ ಬಿದ್ದಿರಬಹುದು. ನೀನು ನೋಡಿದ್ಯಾ?"

"ಕತ್ತೆ ಒದ್ದಿದ್ದು ನೋಡಿದೀನಿ."

ಯುಲೇಲಿಯ ಗಂಡ ಹೊಸಿಯಾ ಮಜ್ಜಿಗೆಯ ಲೋಟದೊಳಗೆ ನಕ್ಕ. ಹೆಂಡತಿ ತಿರುಗಿ ನೋಡಿದ ಮೇಲೆ ಕೆಮ್ಮಿದಂತೆ ಮಾಡಿದ. ನಲವತ್ತೈದು ದಾಟಿದ ಈ ಮನುಷ್ಯ ತಾಯಿ ಮತ್ತು ಹೆಂಡತಿಯ ನಡುವೆ ಕೂತು ತಲೆ ಬಗ್ಗಿಸಿ ಉಣ್ಣುವುದನ್ನು ಒಂದು ವಿದ್ಯೆಯಂತೆ ಕಲಿತಿದ್ದ.

ಯುಲೇಲಿ ಗಂಟಲು ಸರಿಮಾಡಿಕೊಂಡಳು. ಅವಳಿಗೆ ತುಂಬ ಮೆಚ್ಚಿಗೆಯಾಗಿದ್ದ ವಾಕ್ಯ ಈಗ ಬರುವುದಿತ್ತು. "'ಪೀಟರ್ಸ್‌ಬರ್ಗಿನ ಕಂದಕಗಳಲ್ಲಿ ಹಸಿವು, ಚಳಿ ಸಹಿಸಿ, ಒಂದೇ ಒಂದು ದಿನವೂ ರಜೆ ಕೇಳದೆ, ಮೂರು ವರ್ಷ ಮನೆಯ ಮುಖ ನೋಡದೆ, ಅರವತ್ತೈದರ ಏಪ್ರಿಲಿನಲ್ಲಿ ನಮ್ಮ ಸೇನೆ ಶರಣಾಗುವ ದಿನದವರೆಗೂ ಅವರು ಬಂದೂಕು ಕೆಳಗಿಡಲಿಲ್ಲ.'"

ಆರ್ಮಿಂಡ ಚಮಚ ಕೆಳಗಿಟ್ಟಳು.

"ಇದಕ್ಕೆ ನಾನು ರುಜು ಹಾಕಲ್ಲ."

"ಯಾಕೆ?"

"ಹಾಕಲ್ಲ ಅಂದ್ರೆ ಹಾಕಲ್ಲ. ರೊಟ್ಟಿ ಈ ಕಡೆ ತಳ್ಳು, ವರ್ನಾ."

"ಸತ್ತ ಗಂಡನಿಗೆ ಮರ್ಯಾದೆ ಸಿಗೋದು ಬೇಡ್ವಾ ನಿಮಗೆ? ಊರಲ್ಲಿ ಯಾವ ವಿಧವೆ ಬೇಡ ಅಂದಿದಾಳೆ ಹೇಳಿ! ಏನ್ರೀ, ನೀವಾದ್ರೂ ಹೇಳ್ರಿ ನಿಮ್ಮಮ್ಮನಿಗೆ."

"ಮೊದಲು ಊಟ ಮಾಡಿ, ಬೀನ್ಸ್ ಆರ್ತಿದೆ," ಎಂದ ಹೊಸಿಯಾ.

ಮರುದಿನದಿಂದ ಯುಲೇಲಿ ಅತ್ತೆಯ ಜೊತೆ ನೇರ ಮಾತು ನಿಲ್ಲಿಸಿದಳು. ಇಬ್ಬರೂ ಒಂದೇ ಒಲೆಯ ಮುಂದೆ ನಿಂತು, ಒಂದೇ ಮೇಣದ ಪಾತ್ರೆಯ ಸುತ್ತ ಕೆಲಸ ಮಾಡಬೇಕಿತ್ತು. ಸಿಂಗಾರದ ಭಾನುವಾರಕ್ಕೆ ಪ್ರತಿ ಮನೆಯವರೂ ಕ್ರೇಪ್ ಕಾಗದದಲ್ಲಿ ಗುಲಾಬಿ ಮಾಡಿ, ಮಳೆಗೆ ಕರಗದಂತೆ ಕಾದ ಮೇಣದಲ್ಲಿ ಅದ್ದಿ ಒಣಗಿಸುತ್ತಾರೆ. ಈ ಮನೆಯ ಲೆಕ್ಕ ಅರವತ್ತು ಹೂವು. ಅತ್ತೆ ದಳ ಸುತ್ತುವಳು, ಸೊಸೆ ಅದ್ದುವಳು, ಮಾತೆಲ್ಲ ವರ್ನಾಳ ಮೂಲಕ ಹೋಗುವುದು.

"ನಿಮ್ಮಜ್ಜಿಗೆ ಹೇಳು, ಹೂವಿನ ತೊಟ್ಟಿಗೆ ತಂತಿ ಇನ್ನೂ ಉದ್ದ ಬಿಡಬೇಕು ಅಂತ."

"ನಿಮ್ಮಮ್ಮನಿಗೆ ಹೇಳು, ಅವಳು ಹುಟ್ಟೋಕೆ ಮುಂಚಿಂದ ನಾನು ತಂತಿ ಬಿಡ್ತಿದೀನಿ ಅಂತ."

"ಇಬ್ಬರಿಗೂ ಕಿವಿ ಚೆನ್ನಾಗೇ ಇದೆಯಲ್ಲ," ಎಂದು ವರ್ನಾ ಕತ್ತರಿ ಎಸೆದು ಹಿತ್ತಿಲಿಗೆ ಹೋದಳು.

ಬುಧವಾರ ಆಬ್ಸಲಮ್ ಟೀಗ್ ಊಟಕ್ಕೆ ಬಂದ. ಲೆಮ್ ಜೊತೆ ಒಂದೇ ದಳದಲ್ಲಿದ್ದವರಲ್ಲಿ ಉಳಿದಿದ್ದವನು ಇವನೊಬ್ಬ. ಕಿವಿ ಪೂರ್ತಿ ಮಂದ, ಓದುಬರಹ ಮೊದಲಿನಿಂದಲೂ ಇಲ್ಲ. ಯುಲೇಲಿ ಅವನಿಗೋಸ್ಕರ ಕೋಳಿ ಕೊಯ್ದು ಹಿಟ್ಟಿನ ಕಡುಬು ಹಾಕಿ ಬೇಯಿಸಿದ್ದಳು. ಎರಡು ತಟ್ಟೆ ಖಾಲಿ ಮಾಡಿ, ಗಡ್ಡ ಒರೆಸಿಕೊಂಡು, "ಲೆಮ್ ಬಗ್ಗೆ ಒಳ್ಳೇದೇ ಬರೆದಿದೀಯ ತಾನೆ?" ಎಂದು ಕಿರುಚಿ ಕೇಳಿದ.

"ಒಳ್ಳೇದೇ!" ಎಂದು ಯುಲೇಲಿಯೂ ಕಿರುಚಿದಳು.

"ಹಾಗಾದ್ರೆ ಎಲ್ಲಿ ಗೀಟು ಎಳೀಬೇಕು ತೋರ್ಸು."

ಅವನು ಎರಡು ಗೀಟು ಅಡ್ಡಡ್ಡ ಎಳೆದು ಕೊಟ್ಟ. ಆರ್ಮಿಂಡ ಅವನಿಗೆ ಒಣಸೇಬಿನ ಕೇಕು ಕತ್ತರಿಸಿ ಕೊಟ್ಟಳು. ಯುಲೇಲಿ ಕಾಗದದ ಪ್ರತಿಯನ್ನು ಅಂದೇ ಸಂಘಕ್ಕೆ ಕಳುಹಿಸಿದಳು. ವಾರದೊಳಗೆ ಉತ್ತರ ಬಂತು. ಸಂಘದ ಅಧ್ಯಕ್ಷೆ ಮಿಸ್ ಕಾರ್ನೀಲಿಯ ಹಾರ್ಗ್ರೋವ್ ಸ್ವತಃ ಬರೆದಿದ್ದಳು: ಒಂದು ದಿನವೂ ರಜೆ ಕೇಳದ ಸಿಪಾಯಿ ಎಂಬ ವಾಕ್ಯ ಸಮಿತಿಯ ಮನಸ್ಸು ಕರಗಿಸಿದೆ, ಅದನ್ನು ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚು ಹಾಕಿಸಿಯಾಗಿದೆ, ದಯವಿಟ್ಟು ಸಂಘದ ದಾಖಲೆಗೆ ಒಂದು ಚೊಕ್ಕ ಪ್ರತಿ ಬೇಕು, ಮನೆಯವರ ರುಜು ಸಿಂಗಾರದ ದಿನ ಎಲ್ಲರೆದುರು ಆಗಲಿ.

ಅಚ್ಚು ಎಂಬ ಮಾತು ಕೇಳಿ ಯುಲೇಲಿಗೆ ನೆಲ ಕಾಣಲಿಲ್ಲ. ಅಂದು ಅತ್ತೆಗೆ ನೇರವಾಗಿ "ಕಾಫಿ ಬೇಕಾ?" ಎಂದು ಕೂಡ ಕೇಳಿದಳು.

ಚೊಕ್ಕ ಪ್ರತಿ ಬರೆಯುವ ಕೆಲಸ ವರ್ನಾಳ ಪಾಲಿಗೆ ಬಂತು. ಭಾನುವಾರ ಮಧ್ಯಾಹ್ನ, ಚರ್ಚಿನಿಂದ ಬಂದು ಊಟ ಮುಗಿಸಿದ ಮೇಲೆ, ಅವಳು ಮೇಜು ಒರೆಸಿ ಶಾಯಿ ಇಟ್ಟುಕೊಂಡು ಕೂತಳು. ಕೊನೆಗೆ ಮಕ್ಕಳ ಹೆಸರು, ಹುಟ್ಟಿದ ದಿನ ಸೇರಿಸಬೇಕೆಂದು ಮನೆಯ ದೊಡ್ಡ ಬೈಬಲ್ ತೆಗೆದು ಮೊದಲ ಹಾಳೆ ನೋಡಿದಳು. ಪೆನ್ನು ಕೆಳಗಿಟ್ಟಳು.

"ಅಪ್ಪಾ, ನೀವು ಹುಟ್ಟಿದ್ದು ಅರವತ್ತೈದರ ಜೂನ್ ಹನ್ನೊಂದು ಅಲ್ವಾ?"

"ಹೌದು. ಯಾಕೆ?"

ವರ್ನಾ ಬೆರಳು ಮಡಚತೊಡಗಿದಳು. ಒಂಬತ್ತನೆಯ ಬೆರಳಿಗೆ ಬಂದಾಗ ಅವಳ ಕಿವಿ ಕೆಂಪಾಯಿತು. ಮಗಳು ಏನು ಎಣಿಸುತ್ತಿದ್ದಾಳೆಂದು ಯುಲೇಲಿಗೆ ಆಗ ಹೊಳೆಯಿತು. ಇಪ್ಪತ್ತು ವರ್ಷ ಗಂಡನ ಹುಟ್ಟುಹಬ್ಬಕ್ಕೆ ಕೇಕು ಮಾಡಿದವಳು, ಮಾವ ಮೂರು ವರ್ಷ ಮನೆಯ ಮುಖ ನೋಡಲಿಲ್ಲವೆಂದು ಬರೆದು ಅಚ್ಚಿಗೂ ಕಳುಹಿಸಿದ್ದಳು.

"ಅಯ್ಯೋ ದೇವರೇ," ಎಂದಳು. ಮರುಕ್ಷಣವೇ ದಾರಿ ಹುಡುಕಿದಳು. "ಬೈಬಲ್‌ನಲ್ಲಿ ಐದನ್ನ ಆರು ಮಾಡಿಬಿಡು. ಒಂದು ವರ್ಷ ಚಿಕ್ಕವರಾದ್ರೆ ನಿಮಗೇನು ನಷ್ಟ ಇಲ್ವಲ್ಲ, ರೀ?"

"ಬೈಬಲ್ ಮೇಲೆ ಪೆನ್ನು ಇಟ್ಟರೆ ಕೈ ಮುರೀತೀನಿ," ಎಂದಳು ಆರ್ಮಿಂಡ.

"ಮತ್ತೇನು ಮಾಡ್ಬೇಕು? ಕಾಗದ ಸುಳ್ಳಾಗ್ಬೇಕು, ಇಲ್ಲ ನೀವು..." ಯುಲೇಲಿ ನಾಲಿಗೆ ಕಚ್ಚಿಕೊಂಡಳು.

"ಹೇಳು, ಪೂರ್ತಿ ಹೇಳು. ಅದಕ್ಕೇ ರುಜು ಹಾಕಲ್ಲ ಅಂದಿದ್ದು. ಅಷ್ಟೇ ಅಲ್ಲ, ಇನ್ನೂ ಇದೆ. ಕೂತ್ಕೊಳ್ಳಿ ಎಲ್ಲರೂ."

ಎಲ್ಲರೂ ಕೂತರು. ಆರ್ಮಿಂಡ ಎದ್ದು ಹೋಗಿ ಒಲೆಯ ಮೇಲಿನ ಕೆಟಲ್ ಪಕ್ಕಕ್ಕಿಟ್ಟು ಬಂದು ಹೇಳಿದಳು.

"ಅರವತ್ನಾಲ್ಕರ ಸೆಪ್ಟೆಂಬರ್. ನಾನು ಪತ್ರ ಬರೆಸಿದ್ದೆ, ಜೋಳ ಹೊಲದಲ್ಲೇ ಕೊಳೀತಿದೆ, ಕತ್ತೆಯನ್ನ ಸೇನೆಯವರು ಹೊಡ್ಕೊಂಡು ಹೋದ್ರು, ಮೊದಲ ಮಗು ಹೋಯ್ತು ಅಂತ. ಪತ್ರ ಓದಿಸ್ಕೊಂಡವನೇ ನಿಮ್ಮಪ್ಪ ಕಂದಕದಿಂದ ಎದ್ದು ನಡೆದ. ಹತ್ತೊಂಬತ್ತು ದಿನ. ಬಂದಾಗ ಕಾಲಲ್ಲಿ ಚರ್ಮ ಇರ್ಲಿಲ್ಲ. ಜೋಳದ ಕಣಜದ ಕೆಳಗೆ ಗುಂಡಿ ತೋಡಿದ್ವಿ. ಹಗಲು ಗುಂಡೀಲಿ, ಕತ್ತಲಾದ ಮೇಲೆ ಹೊಲದಲ್ಲಿ. ಆ ಚಳಿಗಾಲ ನಾವು ಬದುಕಿದ್ದು ಅವನು ತಂದು ಹಾಕಿದ ಜೋಳದಿಂದ."

"ಓಡಿ ಬಂದ್ರಾ?" ಎಂದಳು ಯುಲೇಲಿ ಮೆಲ್ಲಗೆ.

"ನಡೆದು ಬಂದ. ಓಡೋಕೆ ಕಾಲೆಲ್ಲಿತ್ತು? ಈ ಕಣಿವೇಲಿ ಎಷ್ಟು ಜನ ಹಾಗೇ ಬಂದ್ರು! ಅರವತ್ತೈದರ ಬೇಸಿಗೇಲಿ ಇಲ್ಲಿ ಒಂಬತ್ತು ಮಕ್ಕಳು ಹುಟ್ಟಿದ್ವು. ಮದುವೆ ದಿನದಿಂದ ಹೆರಿಗೆ ದಿನದವರೆಗೆ ಬೆರಳು ಎಣಿಸೋದೇ ಕಸುಬು ಮಾಡ್ಕೊಂಡಿರೋ ಹೆಂಗಸರು, ಆ ಒಂದು ಬೇಸಿಗೆ ಮಾತ್ರ ಯಾರೂ ಎಣಿಸ್ಲಿಲ್ಲ."

"ಯಾರೂ ಹಿಡೀಲಿಲ್ವಾ ಅಜ್ಜಿ?" ಎಂದಳು ವರ್ನಾ.

"ನವೆಂಬರಿನಲ್ಲಿ ಊರುಗಾವಲು ಪಡೆ ಬಂತು. ಓಡಿಬಂದವರನ್ನ ಹಿಡಿಯೋದೇ ಅವರ ಕೆಲಸ. ಅವರ ಮುಖಂಡ ಕ್ಯಾಪ್ಟನ್ ಹಾರ್ಗ್ರೋವ್, ನಿಮ್ಮ ಕಾರ್ನೀಲಿಯಮ್ಮನ ಅಪ್ಪ. ಅವನ ಮನೇಲಿ ಇಪ್ಪತ್ತೆರಡು ಜನ ಗುಲಾಮರಿದ್ರು. ಇಪ್ಪತ್ತು ಗುಲಾಮರಿದ್ದವರ ಮನೆಯಿಂದ ಒಬ್ಬ ಯುದ್ಧಕ್ಕೆ ಹೋಗೋದು ಬೇಕಿರ್ಲಿಲ್ಲ, ಕಾನೂನೇ ಹಾಗಿತ್ತು. ನಮ್ಮನೇಲಿ ಇದ್ದಿದ್ದು ಒಂದು ಹೇಸರಗತ್ತೆ. ಅವನು ಬೇಲಿಯ ಅಡ್ಡಮರ ಎತ್ತಿಸಿ ನನ್ನ ಎರಡೂ ಹೆಬ್ಬೆರಳು ಅದರ ಕೆಳಗಿಡಿಸಿದ. ಮೇಲೆ ತಾನು ಕೂತ. ಲೆಮ್ ಎಲ್ಲಿ ಅಂತ ಕೇಳ್ದ."

ಮೂವರೂ ಅವಳ ಹೆಬ್ಬೆರಳುಗಳನ್ನು ನೋಡಿದರು. ಅವು ಹೊರಕ್ಕೆ ಬಾಗಿ ಒಣಗಿದ್ದವು. ಬೆಣ್ಣೆ ಕಡೆದು ಕಡೆದು ಹಾಗಾದವೆಂದು ಮನೆಯವರು ಇಷ್ಟು ವರ್ಷ ತಿಳಿದಿದ್ದರು.

"ಸಂಜೆ ಆ ಹಾರ್ಗ್ರೋವ್ ಮನೆಯ ಗುಲಾಮ ಹೆಂಗಸು ಡೈಸಿ ಬಂದು ತೊಗಟೆ ಅರೆದು ಕಟ್ಟು ಹಾಕಿದಳು. ಗೊತ್ತಾಗಿದ್ರೆ ಅವಳ ಬೆನ್ನ ಚರ್ಮ ಸುಲೀತಿದ್ರು. ಪ್ರತಿ ವರ್ಷ ಅರವತ್ತರಲ್ಲಿ ಎರಡು ಹೂ ಕಡಿಮೆ ಬೀಳುತ್ತೆ ಅಂತ ಗೊಣಗ್ತೀಯಲ್ಲ ಯುಲೇಲಿ, ಅವು ಹಳ್ಳದ ಆಚೆ ಅವಳ ಗೋರಿ ಮೇಲಿರ್ತವೆ. ಈಗ ಹೇಳು, ನಿನ್ನ ಕಾಗದದಲ್ಲಿ ಇದೆಲ್ಲ ಎಲ್ಲಿದೆ? ನಾನು ರುಜು ಹಾಕಿದ್ರೆ ಇದ್ಯಾವುದೂ ಆಗಲೇ ಇಲ್ಲ ಅಂದಂಗಾಯ್ತು."

ಯುಲೇಲಿಯ ಕಣ್ಣು ತುಂಬಿತ್ತು. ಅತ್ತೆಗಾಗಿಯೋ ಶಿಲುಬೆಗಾಗಿಯೋ ಅವಳಿಗೇ ಗೊತ್ತಿದ್ದಂತಿರಲಿಲ್ಲ. "ನಲವತ್ತಾರು ವರ್ಷ ಬಾಯಿ ಮುಚ್ಕೊಂಡಿದ್ರಿ," ಎಂದಳು. "ಇನ್ನು ಮೂರು ವಾರ ಮುಚ್ಕೊಂಡಿರೋಕಾಗಲ್ವಾ?"

"ಅವನು ಕೇಳ್ಕೊಂಡ, ಮುಚ್ಕೊಂಡೆ. ಈಗ ಕೇಳ್ಕೊಳ್ಳೋಕೆ ಅವನಿಲ್ಲ."

"ವಿಧವೆಗೆ ಕೈಲಾಗದಿದ್ರೆ ಹಿರಿಮಗ ಹಾಕಬಹುದು ಅಂತ ನಿಯಮ ಇದೆ. ಇವರು ಹಾಕ್ತಾರೆ. ಹಾಕ್ತೀರಲ್ವಾ?"

ಹೊಸಿಯಾ ಟೋಪಿ ತೆಗೆದುಕೊಂಡು ಕತ್ತೆಗೆ ಹುಲ್ಲು ಹಾಕಲು ಹೋದ. ಹುಲ್ಲು ಆಗಲೇ ಹಾಕಿಯಾಗಿತ್ತು.

ಆ ಮೂರು ವಾರ ಆ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಯುಲೇಲಿ ಹೊಸ ಬಟ್ಟೆ ಹೊಲಿದಳು. ವರ್ನಾ ಚೊಕ್ಕ ಪ್ರತಿಯನ್ನು ಅಮ್ಮ ಬರೆದಂತೆಯೇ ಮುಗಿಸಿ, ಹುಟ್ಟಿದ ದಿನಗಳ ಜಾಗ ಖಾಲಿ ಬಿಟ್ಟಳು. ಒಂದು ಬೆಳಿಗ್ಗೆ ಆರ್ಮಿಂಡ ಈರುಳ್ಳಿ ಪಾತಿಯಲ್ಲಿ ಕಳೆ ಕೀಳುತ್ತಿದ್ದಾಗ ಹೊಸಿಯಾ ಬಂದು ಪಕ್ಕದ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತ.

"ಅಪ್ಪನಿಗೆ ಕೇಳಿಸ್ತಾ ಅಮ್ಮ, ಆವತ್ತು?"

"ಮೂವತ್ತು ಹೆಜ್ಜೆ ದೂರ. ಕೇಳಿಸದೆ ಇರುತ್ತಾ?"

"ಮತ್ತೆ ಹೊರಗೆ ಬರ್ಲಿಲ್ಲ."

"ಏನಾದ್ರೂ ಬರಬೇಡ ಅಂತ ನಾನೇ ಹೇಳಿದ್ದೆ. ಬಂದಿದ್ರೆ ಅಲ್ಲೇ ಮರಕ್ಕೆ ನೇತುಹಾಕ್ತಿದ್ರು. ನೀನು ಹೊಟ್ಟೇಲಿದ್ದೆ."

"ಹಾಗಾದ್ರೆ ಅಪ್ಪನ ಮೇಲೆ ಸಿಟ್ಟಿಲ್ಲ?"

"ಇದೆ. ಅದಕ್ಕಲ್ಲ." ಅವಳು ಬೇರಿನ ಮಣ್ಣು ಕೊಡವಿದಳು. "ಇಪ್ಪತ್ತು ವರ್ಷದ ಹಿಂದೆ ಕೂಟದಲ್ಲಿ ಆ ಹಾರ್ಗ್ರೋವ್ ಜೊತೆ ಒಂದೇ ಬೆಂಚಲ್ಲಿ ಕೂತು ಉಂಡು, ಕೈ ಕುಲುಕಿ ಬಂದ. ಬಂದು ನನ್ನ ಹತ್ರ ಹೇಳ್ದ, 'ಮನುಷ್ಯ ಅಷ್ಟು ಕೆಟ್ಟವನಲ್ಲ ಆರ್ಮಿಂಡ' ಅಂತ. ಆವತ್ತು ರಾತ್ರಿ ಅಡುಗೆ ಮಾಡ್ಲಿಲ್ಲ ನಾನು."

ಹೊಸಿಯಾ ಎರಡು ಕಳೆ ಕಿತ್ತ. ಮೂರನೆಯದು ಈರುಳ್ಳಿ.

"ಬಿಡು, ನೀನು ಕೀಳಬೇಡ," ಎಂದಳು ತಾಯಿ. "ಆದರೂ ಆ ಹತ್ತೊಂಬತ್ತು ದಿನ ನಡೆದಿದ್ದು ಇದೆಯಲ್ಲ, ಅದು ಅವನ ಬದುಕಲ್ಲಿ ದೊಡ್ಡದು. ಅವನೇ ಅದಕ್ಕೆ ನಾಚ್ಕೊಂಡು ಸತ್ತ. ನಾನು ನಾಚ್ಕೊಳ್ಳಲ್ಲ ಕಣೋ."

ಸಿಂಗಾರದ ಭಾನುವಾರ ಬಿಸಿಲು ಚೆನ್ನಾಗಿತ್ತು. ಗಂಡಸರು ಶನಿವಾರವೇ ಸ್ಮಶಾನದ ಹುಲ್ಲನ್ನೆಲ್ಲ ಬೇರುಸಹಿತ ಕೆರೆದು, ಗೋರಿಗಳಿಗೆ ಬಿಳಿ ಮರಳು ಏರಿಸಿದ್ದರು. ಪ್ರತಿ ದಿಬ್ಬದ ಮೇಲೂ ಮೇಣದ ಹೂ. ಮರಗಳ ಕೆಳಗೆ ಉದ್ದ ಹಲಗೆಗಳ ಮೇಲೆ ಕರಿದ ಕೋಳಿ, ಹಂದಿ ತೊಡೆ, ಕೇಕುಗಳನ್ನು ಬಟ್ಟೆ ಮುಚ್ಚಿಟ್ಟಿದ್ದರು. ಪ್ರಾರ್ಥನೆ ಮುಗಿದ ಮೇಲೆ ಮಿಸ್ ಕಾರ್ನೀಲಿಯ ಎದ್ದು ನಿಂತಳು. ಐವತ್ತರ ಅವಿವಾಹಿತೆ, ತಂದೆಯ ಮೇಲೆ ಪ್ರಾಣ ಇಟ್ಟಿದ್ದವಳು, ನಯವಾದ ಮಾತಿನವಳು. ಕಪ್ಪು ಬಟ್ಟೆಯಲ್ಲಿ ಸುತ್ತಿದ ಶಿಲುಬೆ ಅವಳ ಕಾಲ ಬಳಿ ಇತ್ತು. ಅವಳು ಸೇವಾ ಚರಿತ್ರೆಯನ್ನು ಪೂರ್ತಿ ಓದಿದಳು. ರಜೆಯ ವಾಕ್ಯವನ್ನು ಎರಡು ಸಲ ಓದಿದಳು.

"ಈಗ ಮನೆಯವರ ರುಜು," ಎಂದಳು. "ಪ್ರೂಯಿಟಮ್ಮನವರಿಗೆ ಕೈ ನೋವಂತೆ. ಹಿರಿಯ ಮಗ ಬರಬೇಕು."

ಯುಲೇಲಿ ಗಂಡನ ಬೆನ್ನಿಗೆ ಮೆಲ್ಲಗೆ ತಳ್ಳಿದಳು. ಹೊಸಿಯಾ ಮುಂದೆ ಹೋಗಿ ಪೆನ್ನು ತೆಗೆದುಕೊಂಡ. ಕಾಗದವನ್ನು ತುಂಬ ಹೊತ್ತು ನೋಡಿದ.

"ಮಿಸ್ ಕಾರ್ನೀಲಿಯ," ಎಂದ. ಎಲ್ಲರೆದುರು ಮಾತಾಡಿ ಅಭ್ಯಾಸವಿಲ್ಲದ್ದರಿಂದ ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. "ನಾನು ಹುಟ್ಟಿದ್ದು ಅರವತ್ತೈದರ ಜೂನ್ ಹನ್ನೊಂದಕ್ಕೆ. ನಮ್ಮಪ್ಪ ಅದಕ್ಕೆ ಹಿಂದಿನ ಮೂರು ವರ್ಷ ಮನೆ ಮುಖಾನೇ ನೋಡ್ಲಿಲ್ಲ ಅಂತ ಇಲ್ಲಿದೆ. ಇದಕ್ಕೆ ರುಜು ಹಾಕಿದ್ರೆ ನಾನು ಯಾರ ಮಗ ಆಗ್ತೀನಿ?"

ಆ ಬೇಸಿಗೆಯಲ್ಲಿ ಹುಟ್ಟಿದವರು ಇನ್ನೂ ಐದಾರು ಮಂದಿ ಊಟದ ಹಲಗೆಯ ಹತ್ತಿರ ನಿಂತಿದ್ದರು. ಅವರು ಒಬ್ಬೊಬ್ಬರಾಗಿ ತಮ್ಮ ತಮ್ಮ ತಾಯಂದಿರ ಕಡೆ ತಿರುಗಿದರು. ಮುದುಕಿಯರು ಮರಳು ನೋಡುತ್ತಿದ್ದರು.

"ಏನಂತೆ?" ಎಂದು ಆಬ್ಸಲಮ್ ಟೀಗ್ ಕಿವಿಗೆ ಕೈ ಇಟ್ಟ.

"ಲೆಮ್ ಯುದ್ಧದ ಮಧ್ಯೆ ಮನೆಗೆ ಬಂದಿದ್ನಾ ಅಂತ!" ಎಂದು ಯಾರೋ ಕಿರುಚಿದರು.

"ಬಂದ್ನಲ್ಲ! ಇಬ್ರೂ ಒಟ್ಟಿಗೇ ಬಂದ್ವಿ. ದಾರೀಲಿ ಹಸೀ ಗೆಣಸು ತಿಂದು ನಂಗೆ ಭೇದಿ. ಎರಡು ದಿನ ಅವನೇ ನನ್ನ ಹೊತ್ಕೊಂಡು ನಡೆದ. ಅದನ್ನ ಬರೆದಿಲ್ವಾ ಈ ಹುಡುಗಿ?"

ಯಾರೋ ನಕ್ಕು, ತಕ್ಷಣ ನಿಲ್ಲಿಸಿದರು. ಮಿಸ್ ಕಾರ್ನೀಲಿಯಳ ಮುಖ ಬಿಳಿಚಿತ್ತು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಗೊಂದಲವಾಗಿತ್ತು. ಅವಳು ಹೊಸಿಯಾನನ್ನು ದಾಟಿ, ಕುರ್ಚಿಯಲ್ಲಿ ಕೂತಿದ್ದ ಆರ್ಮಿಂಡಳ ಮುಂದೆ ಬಂದು ನಿಂತಳು.

"ಇದು ಸಾಧ್ಯವೇ ಇಲ್ಲಮ್ಮ. ಓಡಿಬಂದ ಒಬ್ಬರನ್ನೂ ನಮ್ಮಪ್ಪ ಬಿಡ್ತಿರಲಿಲ್ಲ. ಮನೆಮನೆಗೆ ಹೋಗಿ ವಿಚಾರಿಸ್ತಿದ್ರು. ನಿಮ್ಮನೆಗೆ ಬಂದಿರಲಿಲ್ವಾ?"

ಆರ್ಮಿಂಡ ಏಳಲು ಹೊರಟಳು. ಯುಲೇಲಿ ಅವಳ ಭುಜ ಒತ್ತಿ ಕೂರಿಸುತ್ತಾಳೆಂದು ನಾವೆಲ್ಲ ಅಂದುಕೊಂಡೆವು. ಯುಲೇಲಿ ಹೊಸ ಬಟ್ಟೆಯ ತೋಳು ಮುಂದೆ ಚಾಚಿದಳು. ಮುದುಕಿ ಅದನ್ನು ಹಿಡಿದು ಎದ್ದು ನಿಂತಳು.

"ಬಂದಿದ್ರಮ್ಮ," ಎಂದಳು. "ಬಂದು ಕೇಳಿದ್ರು. ಮೂರು ಸಲ ಕೇಳಿದ್ರು. ನಾನು ಹೇಳ್ಲಿಲ್ಲ."